ಪಕ್ಕದ ಮನೆಯ ಸಿಗರೇಟು ಹೊಗೆ: ಫ್ಯಾನನ್ನು ಒಳಮುಖವಾಗಿ ತಿರುಗಿಸಿದ ಮೇಲೆ

ಬಾಡಿಗೆ ಫ್ಲ್ಯಾಟಿನಲ್ಲಿ ಪಕ್ಕದವರ ಹೊಗೆ ತಡೆಯಲು ಆಗದು, ಮನೆ ಬದಲಿಸುವುದೊಂದೇ ದಾರಿ ಎಂದು ನನಗೆ ಹೇಳದವರಿಲ್ಲ. ಮನೆ ಮಾಲೀಕರು ಹೇಳಿದರು, ಎಲೆಕ್ಟ್ರಿಷಿಯನ್ ಹೇಳಿದ, ಏರ್ ಪ್ಯೂರಿಫೈಯರ್ ಮಾರಿದವನೂ ಕೊನೆಗೆ ಅದನ್ನೇ ಹೇಳಿದ. ಈಗ ಏಳು ತಿಂಗಳಿಂದ ನನ್ನ ಮಲಗುವ ಕೋಣೆಯಲ್ಲಿ ಆ ವಾಸನೆ ಇಲ್ಲ. ಪಕ್ಕದವರು ಸೇದುವುದನ್ನು ಬಿಟ್ಟಿಲ್ಲ, ದಿನಕ್ಕೆ ಹತ್ತು ಹನ್ನೆರಡು ಈಗಲೂ ಆಗುತ್ತವೆ. ನಾನು ಗೋಡೆಗೆ ಒಂದು ಮೊಳೆಯನ್ನೂ ಹೊಡೆದಿಲ್ಲ.

ಮೊದಲು ಕಳೆದುಕೊಂಡ ಹಣದ ಲೆಕ್ಕ. ಮೊದಲ ಐದು ತಿಂಗಳಲ್ಲಿ ಹೆಚ್ಚುಕಡಿಮೆ ಒಂದು ತಿಂಗಳ ಬಾಡಿಗೆಯಷ್ಟು ಹೋಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಒಂದು ಪ್ಯೂರಿಫೈಯರಿಗೆ. ಯಂತ್ರ ಕೆಟ್ಟದ್ದಲ್ಲ. ಗಾಳಿಯಲ್ಲಿನ ಅತಿಸೂಕ್ಷ್ಮ ಕಣಗಳನ್ನು ಅಳೆಯುವ ಪಿಎಂ 2.5 ಮೀಟರಿನಲ್ಲಿ 80ರ ಹತ್ತಿರ ಇದ್ದ ಅಂಕಿ ಅರ್ಧ ಗಂಟೆಯಲ್ಲಿ 12ಕ್ಕೆ ಇಳಿಯುತ್ತಿತ್ತು. ಆದರೆ ವಾಸನೆ ಹಾಗೆಯೇ ನಿಲ್ಲುತ್ತಿತ್ತು! ಅದರೊಳಗಿನ ಹೆಪಾ ಎಂಬ ಫಿಲ್ಟರ್ ಕಣಗಳನ್ನು ಹಿಡಿಯುತ್ತದೆ, ಮೂಗಿಗೆ ಬಡಿಯುವುದು ಬಹುಪಾಲು ಅನಿಲ. ಅದಕ್ಕೆ ವಾಸನೆ ಹೀರುವ ಕಾರ್ಬನ್ (ಸಕ್ರಿಯಗೊಳಿಸಿದ ಇದ್ದಿಲು) ಇದೆಯಲ್ಲ ಎಂದು ಫಿಲ್ಟರನ್ನು ಬಿಚ್ಚಿ, ಅದರ ಕಾರ್ಬನ್ ಹಾಳೆಯನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ. ಬಟ್ಟೆಯ ತೂಕವೂ ಸೇರಿ ಸುಮಾರು 40 ಗ್ರಾಂ. ಆ 40 ಗ್ರಾಂ ಎರಡೇ ವಾರದಲ್ಲಿ ತುಂಬಿಹೋಗಿ, ಹೀರಿದ ವಾಸನೆಯನ್ನು ವಾಪಸ್ ಬಿಡತೊಡಗಿತು.

ಅದಾದ ಮೇಲೆ ಹತಾಶೆಯಲ್ಲಿ ಮಾಡಿದವು: ವಿನೆಗರ್ ಬಟ್ಟಲು, ಅಡಿಗೆ ಸೋಡಾ, ಕಾಫಿ ಪುಡಿ, ಸುಗಂಧದ ಸ್ಪ್ರೇ. ಇವುಗಳಿಂದ ಮನೆಯಲ್ಲಿ ಒಂದರ ಬದಲು ಎರಡು ವಾಸನೆಗಳಾದವು. ಯಾರೋ ಹೇಳಿದರೆಂದು ಓಜೋನ್ ಯಂತ್ರವನ್ನೂ ತಂದಿದ್ದೆ. ಒಂದೇ ರಾತ್ರಿಗೆ ಗಂಟಲು ಉರಿಯಿತು, ಮಾರನೆಯ ದಿನವೇ ಅದನ್ನು ಮನೆಯಿಂದ ಹೊರಹಾಕಿದೆ. ಓಜೋನ್ ಶ್ವಾಸಕೋಶಕ್ಕೆ ಹಾನಿಕರ. ಜನರಿರುವ ಮನೆಯಲ್ಲಿ ಅದನ್ನು ಓಡಿಸಬೇಡಿ, ಯಾರು ಏನೇ ಹೇಳಲಿ.

ನಾನು ಮಾಡಿದ ಎಲ್ಲಕ್ಕಿಂತ ದೊಡ್ಡ ತಪ್ಪು ಎಕ್ಸಾಸ್ಟ್ ಫ್ಯಾನ್. ಹೊಗೆ ಬಂದರೆ ಹೊರಗೆ ಎಳೆದುಹಾಕಬೇಕು ಎಂಬುದು ಎಲ್ಲರ ಲೆಕ್ಕ, ನನ್ನದೂ ಅದೇ ಆಗಿತ್ತು. ವಾಸನೆ ಬಂದ ಕೂಡಲೇ ಬಚ್ಚಲಮನೆಯದನ್ನೂ ಅಡುಗೆಮನೆಯದನ್ನೂ ಹಾಕುತ್ತಿದ್ದೆ. ಹಾಕಿದ ಹತ್ತು ನಿಮಿಷಕ್ಕೆ ಮಲಗುವ ಕೋಣೆಯಲ್ಲಿ ವಾಸನೆ ಜಾಸ್ತಿಯಾಗುತ್ತಿತ್ತು. ಇದು ನನ್ನ ಭ್ರಮೆ ಎಂದೇ ಬಹಳ ದಿನ ಅಂದುಕೊಂಡಿದ್ದೆ. ಒಂದು ರಾತ್ರಿ ಟಿಶ್ಯೂ ಕಾಗದವನ್ನು ಬೆರಳಗಲ ಸೀಳಿ, ಮಂಚದ ತಲೆಯ ಕಡೆಯ ಸ್ವಿಚ್ ಬೋರ್ಡಿನ ಅಂಚಿನಲ್ಲಿ ಹಿಡಿದೆ. ಫ್ಯಾನ್ ಆರಿಸಿದಾಗ ಸೀಳು ಸುಮ್ಮನೆ ಇಳಿಬಿದ್ದಿತ್ತು. ಫ್ಯಾನ್ ಹಾಕಿದ್ದೇ ತಡ, ತುದಿ ನನ್ನ ಮುಖದ ಕಡೆಗೆ ಎದ್ದು ನಡುಗತೊಡಗಿತು. ಬೋರ್ಡಿಗೆ ಮೂಗು ಹತ್ತಿರ ತಂದೆ: ತಣ್ಣಗಿನ ಬೂದಿಯ ಕಮಟು. ಹೊರಹಾಕಿದಷ್ಟು ಗಾಳಿ ಎಲ್ಲಿಂದಲೋ ಒಳಬರಲೇಬೇಕು. ನನ್ನ ಮನೆಗೆ ಅದು ಪಕ್ಕದ ಮನೆಯಿಂದ, ತಂತಿಯ ಪೈಪಿನೊಳಗಿಂದ ಬರುತ್ತಿತ್ತು. ಎಳೆಯುತ್ತಿದ್ದವನು ನಾನೇ.

ಆ ರಾತ್ರಿಯೇ ನಿರ್ಧರಿಸಿದೆ, ಇನ್ನು ಎಳೆಯುವುದಿಲ್ಲ, ಒಳಗೆ ನೂಕುತ್ತೇನೆ ಎಂದು. ಎಲೆಕ್ಟ್ರಿಷಿಯನ್‌ಗೆ ಇದನ್ನು ಹೇಳಿದಾಗ, ಹೊಗೆ ಬರುವ ಮನೆಗೆ ಇನ್ನಷ್ಟು ಗಾಳಿ ತುಂಬುವುದು ಹುಚ್ಚು ಎಂದ.

ಫ್ಯಾನಿಗೆ ಮೊದಲು ಪಕ್ಕದವರ ಬಾಗಿಲು ತಟ್ಟಿದೆ. ಜಗಳಕ್ಕಲ್ಲ. ಮೂರು ವಾರ ಒಂದು ಪುಸ್ತಕದಲ್ಲಿ ವಾಸನೆ ಬರುವ ಹೊತ್ತನ್ನು ಬರೆದಿಟ್ಟಿದ್ದೆ. ಬೆಳಿಗ್ಗೆ ಆರೂವರೆಗೆ ಒಮ್ಮೆ, ರಾತ್ರಿ ಒಂಬತ್ತೂವರೆಯಿಂದ ಹನ್ನೆರಡರ ತನಕ ನಾಲ್ಕೈದು ಬಾರಿ. ಪುಸ್ತಕ ತೋರಿಸಿ ಕೇಳಿದೆ, ಎಲ್ಲಿ ಕುಳಿತು ಸೇದುತ್ತೀರಿ ಎಂದು. ‘ನಿಮಗೆ ತೊಂದರೆಯಾಗಬಾರದೆಂದೇ ಬಚ್ಚಲಮನೆಯಲ್ಲಿ ಫ್ಯಾನ್ ಹಾಕಿಕೊಂಡು ಸೇದುತ್ತೇನೆ’ ಎಂದರು. ಅವರ ಫ್ಯಾನ್ ತಳ್ಳುತ್ತಿದ್ದದ್ದು ಎರಡೂ ಮನೆಗಳಿಗೆ ಸೇರಿದ, ಗಾಳಿಗೆಂದು ಕಟ್ಟಡದಲ್ಲಿ ಬಿಟ್ಟ ಶಾಫ್ಟಿಗೆ! ಬಾಲ್ಕನಿಯಲ್ಲಿ ಸೇದಿ ಎಂದು ಕೇಳಿಕೊಂಡೆ, ಹಗಲಿನಲ್ಲಿ ಒಪ್ಪಿದರು. ರಾತ್ರಿ ಮಾತ್ರ ಹಳೆಯ ಅಭ್ಯಾಸ ಮುಂದುವರಿಯಿತು. ಅದಕ್ಕಿಂತ ಹೆಚ್ಚು ಕೇಳುವ ಮನಸ್ಸು ನನಗಾಗಲಿಲ್ಲ.

ಸಂದು ಮುಚ್ಚುವ ಕೆಲಸದಲ್ಲಿ ಒಂದು ಮಾತು. ಕಣ್ಣಿಗೆ ಕಾಣುವ ಬಿರುಕುಗಳಿಗೆ ಸಿಲಿಕೋನ್ ಸುರಿದು ಎರಡು ಟ್ಯೂಬ್ ವ್ಯರ್ಥ ಮಾಡಿದೆ, ಅವುಗಳಿಂದ ಗಾಳಿಯೇ ಬರುತ್ತಿರಲಿಲ್ಲ. ಕಾಗದದ ಸೀಳು ತೋರಿಸಿದ ಜಾಗಗಳನ್ನಷ್ಟೇ ಹಿಡಿಯಿರಿ. ನನ್ನಲ್ಲಿ ಅವು ನಾಲ್ಕು: ಸ್ವಿಚ್ ಬೋರ್ಡುಗಳು, ಸಿಂಕಿನ ಕೆಳಗೆ ಪೈಪು ಗೋಡೆ ಹೊಕ್ಕುವ ತೂತು, ಮುಖ್ಯ ಬಾಗಿಲಿನ ಕೆಳಗಿನ ಸಂದು, ಬಚ್ಚಲಿನ ನೀರಿನ ಜಾಲರಿ. ಬೋರ್ಡಿನ ಪ್ಲೇಟಿನ ಹಿಂದೆ ಫೋಮ್ ಹಾಳೆ ಕೊಟ್ಟೆ (ಮೇನ್ ಸ್ವಿಚ್ ಆರಿಸಿಯೇ ಬಿಚ್ಚಿ), ಪೈಪಿನ ಸುತ್ತ ಒಣಗದ ಪುಟ್ಟಿ. ಮನೆ ಬಿಡುವಾಗ ಬೆರಳಲ್ಲೇ ಕಿತ್ತುಬರುತ್ತದೆ, ಮುಂಗಡಕ್ಕೆ ಕತ್ತರಿ ಬೀಳುವುದಿಲ್ಲ. ಬಳಸದೇ ಬಿಟ್ಟ ಜಾಲರಿಯ ಟ್ರ್ಯಾಪಿನಲ್ಲಿ (ನೀರು ನಿಂತು ಗಾಳಿಯನ್ನು ತಡೆಯುವ ಕೆಳಗಿನ ಭಾಗ) ನೀರು ಒಣಗಿಹೋಗಿರುತ್ತದೆ, ಆ ದಾರಿಯಲ್ಲಿ ಬೇಕಾದ್ದೆಲ್ಲ ಬರುತ್ತದೆ. ಒಂದು ಚೊಂಬು ನೀರು ಸುರಿದು ಮೇಲೆ ಒಂದು ಚಮಚ ಎಣ್ಣೆ ಬಿಟ್ಟರೆ ನೀರು ಬೇಗ ಆರುವುದಿಲ್ಲ. ಗ್ಯಾಸ್ ಉರಿಯುವ ಕಡೆ ಇಟ್ಟಿರುವ ಗಾಳಿಕಿಂಡಿಯನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ.

ಇಷ್ಟಕ್ಕೆ ವಾಸನೆ ನನ್ನ ಅಂದಾಜಿನಲ್ಲಿ ಅರ್ಧ ಇಳಿಯಿತು. ಉಳಿದರ್ಧಕ್ಕೆ ಫ್ಯಾನ್.

ಮೊದಲ ಬಾರಿ ಕಿಟಕಿಯಲ್ಲಿ ಟೇಬಲ್ ಫ್ಯಾನ್ ಒಳಮುಖವಾಗಿಟ್ಟು ಸುತ್ತ ರಟ್ಟು ಮುಚ್ಚಿದೆ. ಆರಿಸಿಕೊಂಡ ಕಿಟಕಿ ಪಕ್ಕದವರ ಬಾಲ್ಕನಿಯ ಕಡೆಯದು. ಆ ವಾರ ಅನುಭವಿಸಿದಷ್ಟು ಹೊಗೆಯನ್ನು ಆ ಮನೆಯಲ್ಲಿ ಎಂದೂ ಅನುಭವಿಸಿರಲಿಲ್ಲ. ಎದುರು ದಿಕ್ಕಿನ ಕಿಟಕಿಗೆ ಬದಲಿಸಿದ ರಾತ್ರಿ ಹತ್ತು ಗಂಟೆಗೆ ಸ್ವಿಚ್ ಬೋರ್ಡಿನ ಮುಂದೆ ಕಾಗದ ಹಿಡಿದೆ. ಸೀಳು ನನ್ನ ಕಡೆಗಲ್ಲ, ಬೋರ್ಡಿನ ಕಡೆಗೆ ಬಾಗಿ ಪ್ಲೇಟಿಗೆ ಅಂಟಿಕೊಂಡಿತು. ಗೋಡೆಯಾಚೆ ಲೈಟರ್ ಹೊತ್ತಿದ ಸದ್ದು ಕೇಳಿಸಿತು. ಅರ್ಧ ಗಂಟೆ ಕಾದೆ, ಏನೂ ಬರಲಿಲ್ಲ. ಹೆಂಡತಿಯನ್ನು ಎಬ್ಬಿಸಿ ಮೂಸಿ ನೋಡು ಎಂದೆ.

ಗಾಳಿಯ ದಿಕ್ಕು ಬದಲಾದ ದಿನ ಮಾತ್ರ ಕಟ್ಟಡ ಸುತ್ತಿಬಂದ ಹೊಗೆಯನ್ನು ಫ್ಯಾನೇ ಎಳೆದುಕೊಳ್ಳುತ್ತಿತ್ತು. ಅದಕ್ಕೆ ಕಾರ್ಬನ್ ತಟ್ಟೆ ಮಾಡಿದೆ: ಎರಡು ಜಾಲರಿಗಳ ನಡುವೆ ಎರಡು ಇಂಚು ದಪ್ಪ, ಸುಮಾರು ಐದು ಕಿಲೋ ಹರಳು ಕಾರ್ಬನ್, ಮುಂದೆ ಮಡಿಕೆಯ ಧೂಳು ಫಿಲ್ಟರ್. ಜರಡಿ ಹಿಡಿಯದೆ ತುಂಬಿದ್ದರಿಂದ ಮೊದಲ ದಿನ ಹಾಸಿಗೆಯ ಮೇಲೆಲ್ಲ ಕಪ್ಪು ಪುಡಿ. ಅಷ್ಟು ದಪ್ಪದ ಪದರವನ್ನು ದಾಟಿಸಲು ಟೇಬಲ್ ಫ್ಯಾನಿಗೆ ಶಕ್ತಿ ಸಾಲದು, ರೆಕ್ಕೆ ತಿರುಗುತ್ತದೆ, ಗಾಳಿ ಬರುವುದಿಲ್ಲ. ಕೊನೆಗೆ ಕೊಳವೆಯಲ್ಲಿ ಜೋರಾಗಿ ಗಾಳಿ ನೂಕುವ ಡಕ್ಟ್ ಬ್ಲೋವರ್ ತಂದೆ, ವೇಗ ಕಡಿಮೆ ಮಾಡುವ ರೆಗ್ಯುಲೇಟರ್ ಸಹಿತ. ಬ್ಲೋವರ್, ಕಾರ್ಬನ್, ಪುಟ್ಟಿ, ಫೋಮ್ ಎಲ್ಲ ಸೇರಿ ಬಾಡಿಗೆಯ ಕಾಲು ಭಾಗವೂ ಆಗಲಿಲ್ಲ.

ಚೌಕಟ್ಟನ್ನು ಸ್ಕ್ರೂ ಇಲ್ಲದೆ ಕಿಟಕಿಯಲ್ಲಿ ಹೇಗೆ ನಿಲ್ಲಿಸಿದ್ದೇನೆ ಎಂಬುದನ್ನು ಸದ್ಯಕ್ಕೆ ಹೇಳುವುದಿಲ್ಲ. ಅದಕ್ಕೆ ಎರಡು ತಿಂಗಳು ಕೂತಿದ್ದೇನೆ. ಬ್ಲೋವರಿನ ಗುಂಯ್ ಸದ್ದು ಮಲಗುವವರಿಗೆ ಕೇಳದಂತೆ ಮಾಡಿದ ಉಪಾಯವೂ ನನ್ನಲ್ಲೇ ಇರಲಿ.

ನಡುವೆ ಒಂದು ಪ್ರಯೋಗ ಮಾಡಿದೆ. ತುಂಬಿಹೋದ ಕಾರ್ಬನ್ನನ್ನು ಓವನ್ನಿನಲ್ಲಿ ಕಾಯಿಸಿದರೆ ಮತ್ತೆ ಬಳಸಬಹುದೇ ಎಂದು. ಎರಡು ಗಂಟೆ ಕಾಯಿಸಿದೆ, ನಾಲ್ಕು ತಿಂಗಳ ಹೊಗೆ ಒಂದೇ ಸಂಜೆ ಅಡುಗೆಮನೆಗೆ ಇಳಿಯಿತು. ಮತ್ತೆ ತುಂಬಿದ ಕಾರ್ಬನ್ ವಾರವೂ ಬಾಳಲಿಲ್ಲ. ಮಳೆಯ ದಿನಗಳಲ್ಲಿ ತೇವಕ್ಕೆ ಹೊಸ ಕಾರ್ಬನ್ ಕೂಡ ಬೇಗ ಸೋಲುತ್ತದೆ, ಆಗ ಮೂರು ತಿಂಗಳಿಗೇ ಬದಲಿಸುತ್ತೇನೆ.

ಇಷ್ಟಾದ ಮೇಲೂ ಬೆಳಗಿನ ಹೊತ್ತು ಸಣ್ಣಗೆ ವಾಸನೆ ಬರುತ್ತಿತ್ತು, ಅದರ ಮೂಲ ಸಿಗಲು ತಿಂಗಳು ಹಿಡಿಯಿತು. ಅದು ಹೊಸ ಹೊಗೆಯಲ್ಲ, ಪರದೆಗಳೂ ಗೋಡೆಯೂ ಹೀರಿಟ್ಟುಕೊಂಡಿದ್ದ ಹಳೆಯದು. ಪರದೆ ಎರಡು ಬಾರಿ ಒಗೆದು, ಗೋಡೆಯನ್ನು ಸೋಪಿನ ನೀರಿನ ಬಟ್ಟೆಯಿಂದ ಒರೆಸಿದೆ. ಬಕೆಟ್ಟಿನ ನೀರು ತೆಳು ಹಳದಿಗೆ ತಿರುಗಿತು.

ಈಗ ಬ್ಲೋವರ್ ರಾತ್ರಿ ಒಂಬತ್ತರಿಂದ ಒಂದರವರೆಗೆ, ಬೆಳಿಗ್ಗೆ ಒಂದು ಗಂಟೆ ಓಡುತ್ತದೆ. ಪಕ್ಕದವರು ಸೇದುವಾಗ 70–90 ತೋರಿಸುತ್ತಿದ್ದ ಮೀಟರ್ 8ರಿಂದ 15ರೊಳಗೆ ನಿಲ್ಲುತ್ತದೆ. ಬಚ್ಚಲಿನ ಎಕ್ಸಾಸ್ಟ್ ಸ್ನಾನದ ಹೊತ್ತಿಗೆ ಮಾತ್ರ, ಅದರ ಬಾಯಿಗೆ ಹಿಮ್ಮುಖ ಗಾಳಿಗೆ ಮುಚ್ಚಿಕೊಳ್ಳುವ ತೆಳು ಪ್ಲಾಸ್ಟಿಕ್ ರೆಕ್ಕೆ ಹಾಕಿದ್ದೇನೆ. ಮೇಲಿನ ಮಹಡಿಯವರು ಬಂದು ನೋಡಿ ತಮ್ಮಲ್ಲೂ ಇದನ್ನೇ ಮಾಡಿಸಿಕೊಂಡರು, ಅಲ್ಲೂ ಕೆಲಸ ಮಾಡಿದೆ. ಹುಚ್ಚು ಎಂದಿದ್ದ ಎಲೆಕ್ಟ್ರಿಷಿಯನ್ ಕಳೆದ ವಾರ ಅಳತೆ ಪಟ್ಟಿ ತಂದು ನನ್ನ ಕಾರ್ಬನ್ ತಟ್ಟೆಯ ಉದ್ದ, ಅಗಲ, ದಪ್ಪ ಬರೆದುಕೊಂಡು ಹೋದ.