ಕಾರಿಗೆ ಸೈಲೆನ್ಸರ್ ಹಾಕಿಸುವ ಮುಂಚೆ ಹೈವೇ ನೆನಪಿಸಿಕೊಳ್ಳಿ

ಸೈಲೆನ್ಸರ್ ಆರಿಸುವಾಗ ಎಲ್ಲರೂ ಕೇಳೋದು ಒಂದೇ ಸದ್ದು. ಅಂಗಡಿ ಮುಂದೆ ಕಾರು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಬರುತ್ತದಲ್ಲ, ಅದು. ಆ ಸದ್ದು ಕೇಳಿ ದುಡ್ಡು ಕೊಡಬೇಡಿ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್, ಚಿತ್ರದುರ್ಗದ ಗಾಳಿಯಂತ್ರಗಳನ್ನು ದಾಟಿ ಟಾಪ್ ಗೇರ್‌ನಲ್ಲಿ ನೂರರ ಆಸುಪಾಸಿನಲ್ಲಿ ಹೋಗುವಾಗ, ಗಾಜು ಏರಿಸಿ ಎಸಿ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಅಮ್ಮನನ್ನು ಕೂರಿಸಿಕೊಂಡಿರುವಾಗ, ಕಾರಿನ ಒಳಗೆ ಏನು ಕೇಳಿಸುತ್ತದೆ ಅನ್ನೋದೇ ಮುಖ್ಯ.

ಅಲ್ಲಿ ಕಾಡೋದು ಡ್ರೋನ್, ಹಾರುವ ಡ್ರೋನ್ ಅಲ್ಲ, ಸೈಲೆನ್ಸರಿನ ಗುಂಯ್‌ಗುಡುವ ಸದ್ದು. ಹಿಟ್ಟಿನ ಗಿರಣಿ ಪಕ್ಕದಲ್ಲೇ ಓಡುತ್ತಿರುವ ಹಾಗೆ ಒಂದೇ ಸಮನೆ ಗುಂಯ್ ಅನ್ನುತ್ತದೆ, ಅರ್ಧ ಗಂಟೆಗೆ ತಲೆ ಹಿಡಿದುಕೊಳ್ಳುತ್ತದೆ. ಕಾರಣ ಸರಳ. ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಫೈರ್ ಆಗುತ್ತದೆ, ಹಾಗಾಗಿ 2400 ಆರ್‌ಪಿಎಂನಲ್ಲಿ ಸೆಕೆಂಡಿಗೆ 80 ಸಲ, ಅಂದರೆ 80 ಹರ್ಟ್ಜ್. ಇಷ್ಟು ಕೆಳಗಿನ ಸದ್ದಿಗೆ ಕಾರಿನ ಕ್ಯಾಬಿನ್ ಪೂರ್ತಿ ಅದುರುತ್ತದೆ. ದುರದೃಷ್ಟಕ್ಕೆ ಎಷ್ಟೋ ಟರ್ಬೊ ಕಾರುಗಳು ನೂರರಲ್ಲಿ ಓಡುವುದೇ 2000ದಿಂದ 2500 ಆರ್‌ಪಿಎಂ ನಡುವೆ. ಕಂಪನಿಯವರು ಹೊಗೆ ಪೈಪಿನ ಮಧ್ಯದಲ್ಲಿ ಒಂದು ರೆಸೊನೇಟರ್ ಡಬ್ಬ ಇಟ್ಟಿರುವುದು ಇದಕ್ಕೇ. 'ಅದನ್ನ ತೆಗೆದುಬಿಡೋಣ ಸಾರ್, ಸೌಂಡ್ ಸಖತ್ತಾಗಿ ಬರುತ್ತೆ' ಅಂತ ಯಾರಾದರೂ ಅಂದರೆ ಬೇಡ ಅನ್ನಿ. ಡ್ರೋನ್ ಬಂದ ಮೇಲೆ ಸರಿ ಮಾಡೋಕೆ ಒಂದು ಕಡೆ ಬಾಯಿ ಮುಚ್ಚಿದ ಪೈಪನ್ನು ಪಕ್ಕಕ್ಕೆ ಬೆಸೆಯುವ ಉಪಾಯ ಇದೆ, ಕೆಲಸವನ್ನೂ ಮಾಡುತ್ತದೆ. ಆದರೆ 80 ಹರ್ಟ್ಜ್‌ಗೆ ಆ ಪೈಪು ಒಂದು ಮೀಟರಿಗಿಂತ ಉದ್ದ ಬೇಕು, ಕಾರಿನ ಕೆಳಗೆ ಅಷ್ಟು ಜಾಗ ಎಲ್ಲಿದೆ?

ಇನ್ನು ಎಲ್ಲಿಂದ ಎಲ್ಲಿಯವರೆಗೆ ಬದಲಿಸಬೇಕು ಅನ್ನೋದು. ಹಿಂದಿನ ಮಫ್ಲರ್ ಮಾತ್ರ ಬದಲಿಸಿದರೆ ಆಕ್ಸಲ್ ಬ್ಯಾಕ್. ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಆದಮೇಲಿನ ಎಲ್ಲವನ್ನೂ ಬದಲಿಸಿದರೆ ಕ್ಯಾಟ್ ಬ್ಯಾಕ್. ಅದಕ್ಕಿಂತ ಮುಂದೆ, ಎಂಜಿನ್ ಕಡೆಗೆ ಹೋದರೆ ಟರ್ಬೊದಿಂದ ಹೊರಡುವ ಡೌನ್‌ಪೈಪ್, ಎಂಜಿನ್‌ಗೇ ಸೇರುವ ಹೆಡರ್. ರಸ್ತೆ ಮೇಲೆ ಓಡಿಸುವ ಕಾರಿಗೆ ಕ್ಯಾಟ್ ಬ್ಯಾಕ್ ದಾಟಬೇಡಿ, ಇದು ನನ್ನ ಖಡಾಖಂಡಿತ ಅಭಿಪ್ರಾಯ. ಕ್ಯಾಟ್ ಕಿತ್ತರೆ ಅದರ ಹಿಂದಿರುವ ಆಕ್ಸಿಜನ್ ಸೆನ್ಸರ್ ತಕರಾರು ತೆಗೆಯುತ್ತದೆ, ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಪಿ0420 ಕೋಡ್ ಬಂದು ಚೆಕ್ ಎಂಜಿನ್ ಲೈಟ್ ಹತ್ತುತ್ತದೆ, ವಾಸನೆ ಬೇರೆ. ಟರ್ಬೊ ಕಾರಿನಲ್ಲಿ ಡೌನ್‌ಪೈಪ್ ಜೊತೆ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಮಾಡಿಸಿದರೆ ಪವರ್ ನಿಜವಾಗಲೂ ಏರುತ್ತದೆ, ಸುಳ್ಳು ಹೇಳೋಲ್ಲ. ಆದರೆ ಕ್ಯಾಟ್ ಇಲ್ಲದ ಕಾರು ಕೊಯಮತ್ತೂರಿನ ಕಾರಿ ರೇಸ್ ಟ್ರ್ಯಾಕ್‌ಗೆ ಸರಿ, ನಮ್ಮ ದಾವಣಗೆರೆಯ ಪಿಬಿ ರಸ್ತೆಗೆ ಅಲ್ಲ. ಬರೀ ಕ್ಯಾಟ್ ಬ್ಯಾಕ್ ಹಾಕಿಸಿ ಇಪ್ಪತ್ತು ಎಚ್‌ಪಿ ಬರುತ್ತೆ ಅನ್ನುವವರನ್ನು ಹಾಕುವ ಮುಂಚಿನ ಮತ್ತು ಆಮೇಲಿನ ಡೈನೊ ಶೀಟ್, ಅಂದರೆ ಯಂತ್ರದಲ್ಲಿ ಪವರ್ ಅಳೆದ ಚೀಟಿ, ಕೇಳಿ. ಮಾತು ಅಲ್ಲಿಗೇ ನಿಲ್ಲುತ್ತದೆ.

ಕಾನೂನು ಕೂಡ ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿ ಆದಮೇಲೆ ಅಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ 190ನೇ ಕಲಂ ಬೇರೆ ಇದೆ, ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳು ಲೈಸೆನ್ಸ್ ಕಳೆದುಕೊಳ್ಳಬಹುದು. 'ಬುಲೆಟ್ ಹುಡುಗರನ್ನ ಮಾತ್ರ ಹಿಡಿಯೋದು, ಕಾರನ್ನ ಯಾರು ಕೇಳ್ತಾರೆ' ಅನ್ನುವ ಧೈರ್ಯ ಬೇಡ. ಸದ್ದನ್ನು ಹೆಚ್ಚುಕಮ್ಮಿ ಕಂಪನಿ ಮಟ್ಟದಲ್ಲೇ ಇಡುವ ಸೈಲೆನ್ಸರ್ ಆರಿಸಿ, ವಾರಂಟಿ ಮತ್ತು ವಿಮೆಯವರು ಏನನ್ನುತ್ತಾರೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಪೈಪಿನ ಅಳತೆ ವಿಷಯದಲ್ಲಿ ನಮ್ಮ ಕಡೆ ಎರಡು ಗುಂಪು. ಒಬ್ಬರು ದಪ್ಪ ಇದ್ದಷ್ಟೂ ಒಳ್ಳೆಯದು ಅಂತಾರೆ. ಇನ್ನೊಬ್ಬರು ಎಂಜಿನ್‌ಗೆ ಬ್ಯಾಕ್ ಪ್ರೆಶರ್, ಅಂದರೆ ಹೊಗೆಯನ್ನು ತಡೆಯುವ ಒತ್ತಡ, ಬೇಕೇ ಬೇಕು ಅಂತಾರೆ. ಎರಡೂ ತಪ್ಪು. ಎಂಜಿನ್‌ಗೆ ಒತ್ತಡ ಬೇಕಿಲ್ಲ, ಹೊಗೆ ವೇಗವಾಗಿ ಹೋಗಬೇಕು ಅಷ್ಟೆ. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಮುಂದೆ ಓಡುವ ಹೊಗೆ ತನ್ನ ಹಿಂದಿನದನ್ನೂ ಎಳೆದುಕೊಂಡು ಹೋಗುತ್ತದೆ, ಪೈಪು ಅತಿಯಾಗಿ ಅಗಲವಾದರೆ ಆ ಎಳೆತ ಸತ್ತು ಕೆಳಗಿನ ಆರ್‌ಪಿಎಂನಲ್ಲಿ ಕಾರು ಸೋಮಾರಿ ಆಗುತ್ತದೆ. ಸಣ್ಣ ಎಂಜಿನ್‌ಗೆ ಎರಡು ಇಂಚು ಧಾರಾಳ. ಆಕ್ಟೇವಿಯಾ ಆರ್‌ಎಸ್ ಥರದ ಎರಡು ಲೀಟರ್ ಟರ್ಬೊಗೆ ಎರಡೂವರೆಯಿಂದ ಮೂರು ಇಂಚು ಸರಿ, ಯಾಕಂದರೆ ಟರ್ಬೊ ಆದಮೇಲೆ ದಾರಿ ಎಷ್ಟು ಖಾಲಿ ಇದ್ದರೆ ಅಷ್ಟು ಒಳ್ಳೆಯದು. ಬಾಗಿಸಿದ ಜಾಗ ನೋಡಿ. ತಿರುವಿನಲ್ಲಿ ಪೈಪು ಚಪ್ಪಟೆ ಆಗಿದ್ದರೆ ಮೂರು ಇಂಚಿನ ದುಡ್ಡು ದಂಡ. ತಿರುವಿನಲ್ಲೂ ಅದೇ ಅಗಲ ಉಳಿಯಬೇಕಾದರೆ ಪೈಪಿನ ಒಳಗೆ ಅಚ್ಚು ಇಟ್ಟು ಬಾಗಿಸುವ ಮ್ಯಾಂಡ್ರೆಲ್ ಬೆಂಡ್ ಬೇಕು.

ಲೋಹದ ಮಾತಿಗೆ ಬಂದರೆ 304 ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದು, 409 ಅಗ್ಗ, ಮೇಲೆ ಸ್ವಲ್ಪ ತುಕ್ಕಿನ ಬಣ್ಣ ಬರುತ್ತದೆ. ಮಂಗಳೂರಿನ ಉಪ್ಪುಗಾಳಿ ನಮ್ಮಲ್ಲಿ ಇಲ್ಲ, 409 ಸಹ ವರ್ಷಗಟ್ಟಲೆ ಬರುತ್ತದೆ. ಆದರೆ ದಿನಾ ಊರೊಳಗೇ ಪಿಜೆ ಬಡಾವಣೆಯಿಂದ ವಿದ್ಯಾನಗರಕ್ಕೆ ಮಾತ್ರ ಓಡಿಸುವವರಾದರೆ ಸೈಲೆನ್ಸರ್ ಪೂರ್ತಿ ಬಿಸಿಯಾಗುವುದೇ ಇಲ್ಲ, ಒಳಗೆ ನೀರು ನಿಂತು ಒಳಗಿನಿಂದ ತಿನ್ನುತ್ತದೆ, ಅಂಥವರು 304 ತೆಗೆದುಕೊಳ್ಳಿ. ಆಯಸ್ಕಾಂತ ಅಂಟದಿದ್ದರೆ 304 ಅಂತ ಅಂಗಡಿಯವರು ತೋರಿಸುತ್ತಾರೆ. ಗೇಟು, ಗ್ರಿಲ್‌ಗೆ ಬಳಸುವ 202ಗೂ ಅಂಟೋಲ್ಲ! ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ. ದುಬಾರಿ ಸೈಲೆನ್ಸರ್ ಬ್ರ್ಯಾಂಡ್ ಅಕ್ರಪೊವಿಚ್‌ನ ಸ್ಟಿಕ್ಕರ್ ಇದೆ, ಬೆಲೆ ಮಾತ್ರ ಹತ್ತು ಸಾವಿರ ಅಂದರೆ ಅದು ಸ್ಲೊವೇನಿಯಾದಿಂದ ಬಂದಿಲ್ಲ ಅಂತ ನಾನು ಹೇಳಬೇಕಾ?

ಸ್ಥಳೀಯವಾಗಿ ಮಾಡಿಸುವುದೂ ಕೆಟ್ಟದ್ದೇನಲ್ಲ. ನಿಮ್ಮ ಕಾರಿಗೆ ರೆಡಿಮೇಡ್ ಸಿಗದಿದ್ದರೆ ಅದೇ ದಾರಿ. ಆರ್ಗಾನ್ ವೆಲ್ಡಿಂಗ್ ಮಾಡುವವರನ್ನು ಹುಡುಕಿ, 'ಅಣ್ಣ, ಪೈಪಿನ ಒಳಗೂ ಗ್ಯಾಸ್ ಬಿಡ್ತೀರಾ?' ಅಂತ ಕೇಳಿ. ಬಿಡದೆ ಬೆಸೆದರೆ ಹೊರಗೆ ಚೆಂದ ಕಾಣುತ್ತದೆ, ಒಳಗೆ ಸಕ್ಕರೆ ಹರಳಿನ ಥರ ಗಂಟು ಕಟ್ಟಿ ಮುಂದೆ ಅಲ್ಲೇ ಸೀಳುತ್ತದೆ. ಎಂಜಿನ್ ಅಲುಗಾಟ ತಡೆಯಲು ಇರುವ ಫ್ಲೆಕ್ಸ್ ಪೈಪನ್ನು ಉಳಿಸಿಕೊಳ್ಳಿ. ಮಫ್ಲರ್ ಒಳಗೆ ತೂತಿನ ಪೈಪಿನ ಸುತ್ತ ಗಾಜಿನ ನಾರು ತುಂಬಿದ್ದರೆ ಅದು ವರ್ಷ ಕಳೆದಂತೆ ಸುಟ್ಟು ಹೋಗಿ ಸದ್ದು ಏರುತ್ತದೆ, ಹಾಗಾಗಿ ಬಿಚ್ಚಿ ಮತ್ತೆ ತುಂಬುವ ಹಾಗಿದೆಯೇ ಕೇಳಿ. ಬೇಕಾದಾಗ ತೆರೆದು ಮುಚ್ಚಿ ಸದ್ದು ಏರಿಸಿ ಇಳಿಸುವ ವಾಲ್ವ್ ಇರುವ ಸೈಲೆನ್ಸರ್ ನೋಡಿದರೆ ಮನಸ್ಸಿಗೆ ಖುಷಿ ಆಗುತ್ತದೆ. ಆದರೆ ಪೊಲೀಸರನ್ನು ಕಂಡಾಗ ಮುಚ್ಚಿಕೊಳ್ಳೋಣ ಅನ್ನುವ ಲೆಕ್ಕ ಇದ್ದರೆ ಬಿಡಿ, ವಾಲ್ವ್ ತೆರೆದಾಗಿನ ಸದ್ದೇ ತಪ್ಪು.

ಹಾಕಿಸಿದ ದಿನವೇ ಮನೆಯವರನ್ನೆಲ್ಲ ಕೂರಿಸಿಕೊಂಡು ನಿಮ್ಮ ಬೀದಿಯ ಹಂಪ್ ದಾಟಿ ನೋಡಿ, ಪೈಪು ತಗುಲಿದರೆ ಆಗಲೇ ಎತ್ತಿಸಿ. ಬಂಪರ್‌ಗೆ ಒಂದೆರಡು ಬೆರಳಿನ ಅಂತರ ಇರಲಿ, ಪ್ಲಾಸ್ಟಿಕ್ ಕರಗುತ್ತದೆ. ಕಾರು ಬಿಸಿಯಾಗಿ ತಣ್ಣಗಾದ ಮೇಲೆ ಕ್ಲಾಂಪು ಒಮ್ಮೆ ಬಿಗಿ ಮಾಡಿಸಿ. ಹಳೆಯ ಸೈಲೆನ್ಸರ್ ಗುಜರಿಗೆ ಹಾಕಬೇಡಿ, ಅಟ್ಟದ ಮೇಲಿಡಿ. ಕಾರು ಮಾರುವಾಗ ಕೊಳ್ಳುವವರು ಕೇಳೇ ಕೇಳುತ್ತಾರೆ.