ಕ್ಯಾಂಪಸ್‌ನಲ್ಲಿ ಮಗುವಿನ ಮೇಲೆ ದೌರ್ಜನ್ಯದ ಶಂಕೆ: ವಿಚಾರಣೆಗೆ ಕೂರಬೇಡಿ, ಅಂದೇ ದೂರು ಕೊಡಿ

ವಿಶ್ವವಿದ್ಯಾಲಯದಲ್ಲಿ ಇರುವವರೆಲ್ಲ ದೊಡ್ಡವರು ಎಂಬ ಭಾವನೆಯಿಂದಲೇ ಎಡವಟ್ಟು ಶುರುವಾಗುತ್ತದೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲರೂ ಮಕ್ಕಳೇ, ಗಂಡಾಗಲಿ ಹೆಣ್ಣಾಗಲಿ. ಪದವಿಗೆ ಈಗಷ್ಟೇ ಸೇರಿದ 17ರ ವಿದ್ಯಾರ್ಥಿ, ಕ್ಯಾಂಪಸ್ ಶಾಲೆಯ ಮಕ್ಕಳು, ಈಜು ತರಬೇತಿಗೆ ಬರುವವರು, ಕಟ್ಟಡ ಕಾರ್ಮಿಕರ ಶೆಡ್‌ನಲ್ಲಿರುವ ಮಕ್ಕಳು ಎಲ್ಲರೂ ಇದರೊಳಗೆ ಬರುತ್ತಾರೆ.

ಪದೇ ಪದೇ ಆಗುವ ತಪ್ಪು ಒಂದೇ. ‘ಮೊದಲು ನಿಜವೋ ಸುಳ್ಳೋ ನೋಡೋಣ’ ಎಂದು ವಿಭಾಗದ ಮುಖ್ಯಸ್ಥರ ಕೊಠಡಿಗೆ ಮಗುವನ್ನು ಕರೆಸಿ ನಾಲ್ಕು ಜನ ಪ್ರಶ್ನೆ ಕೇಳುತ್ತಾರೆ. ಪ್ರತಿ ಸಲ ಹೇಳುವಾಗಲೂ ಮಾತು ಸ್ವಲ್ಪ ಬದಲಾಗುತ್ತದೆ. ಆ ವ್ಯತ್ಯಾಸವೇ ನಾಳೆ ನ್ಯಾಯಾಲಯದಲ್ಲಿ ಮಗುವಿಗೆ ತಿರುಗುಬಾಣವಾಗುತ್ತದೆ. ಅಷ್ಟರಲ್ಲಿ ಆರೋಪಿಗೂ ಸುಳಿವು ಸಿಕ್ಕಿ ಅವನ ಫೋನಿನಲ್ಲಿದ್ದದ್ದೆಲ್ಲ ಅಳಿಸಿಹೋಗಿರುತ್ತದೆ.

ಮೊದಲ ಹೆಜ್ಜೆ: ಗಾಯ ಅಥವಾ ಅಪಾಯ ಇದ್ದರೆ 112ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಎಫ್‌ಐಆರ್ ಆಗುವವರೆಗೆ ಕಾಯಬೇಕಿಲ್ಲ. ಖಾಸಗಿ ಆಸ್ಪತ್ರೆಯೂ ಪ್ರಥಮ ಚಿಕಿತ್ಸೆಯನ್ನು ಉಚಿತವಾಗಿ ಕೊಡಲೇಬೇಕು.

ಎರಡನೇ ಹೆಜ್ಜೆ: ಮಗು ಹೇಳುವುದನ್ನು ಕೇಳುವುದು. ಹೆಚ್ಚಿನವರು ಎಡವುವುದು ಇಲ್ಲೇ. ಮಾತು ಹೊರಗೆ ಕೇಳಿಸದಂಥ, ಆದರೆ ಬಾಗಿಲಿಗೆ ಚಿಲಕ ಹಾಕದ ಜಾಗದಲ್ಲಿ ಕುಳಿತುಕೊಳ್ಳಿ. ಮೇಜಿನ ಆಚೆ ಬೇಡ, ಮಗುವಿನ ಎತ್ತರಕ್ಕೆ ಸಮನಾಗಿ ಕೂರಿ. ‘ಯಾರಿಗೂ ಹೇಳಬೇಡಿ’ ಎಂದು ಮಗು ಕೇಳಿಕೊಂಡರೆ ಒಪ್ಪಬೇಡಿ. ಉಳಿಸಿಕೊಳ್ಳಲಾಗದ ಮಾತನ್ನು ಕೊಟ್ಟರೆ ಮಗು ನಿಮ್ಮನ್ನು ಮತ್ತೆ ನಂಬುವುದಿಲ್ಲ. ಬದಲಿಗೆ ಹೀಗೆ ಹೇಳಿ: ‘ನಿನಗೆ ತೊಂದರೆ ಆಗದಿರಲು ಕೆಲವರಿಗೆ ಹೇಳಲೇಬೇಕು. ಯಾರಿಗೆ ಹೇಳುತ್ತೇನೆ ಅಂತ ನಿನಗೆ ಮೊದಲೇ ತಿಳಿಸುತ್ತೇನೆ.’

‘ಏನಾಯಿತು, ಹೇಳು’, ‘ಆಮೇಲೆ?’ ಇಷ್ಟೇ ಕೇಳಿ. ‘ಅವರು ನಿನ್ನನ್ನು ಮುಟ್ಟಿದರಾ?’ ಎಂದರೆ ಉತ್ತರವನ್ನು ನೀವೇ ಬಾಯಿಗೆ ತುರುಕಿದಂತೆ. ‘ಯಾಕೆ ಆಗಲೇ ಹೇಳಲಿಲ್ಲ?’ ಎಂಬುದು ಪ್ರಶ್ನೆಯಲ್ಲ, ಬೈಗುಳ. ಏನಾಯಿತು, ಯಾರು, ಎಲ್ಲಿ-ಯಾವಾಗ, ಇವತ್ತು ರಾತ್ರಿ ಮಲಗುವ ಜಾಗ ಸುರಕ್ಷಿತವೇ ಎಂಬ ನಾಲ್ಕು ವಿಷಯ ತಿಳಿದರೆ ನಿಲ್ಲಿಸಿ. ಬಟ್ಟೆ ಸರಿಸಿ ಗಾಯ ನೋಡಬೇಡಿ, ಫೋಟೊ ತೆಗೆಯಬೇಡಿ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುವುದೂ ಬೇಡ. ಆ ಫೈಲ್ ಯಾರ ಕೈಗೆ ಹೋಗುತ್ತದೆ ಎಂಬುದು ನಿಮ್ಮ ಹಿಡಿತದಲ್ಲಿ ಇರುವುದಿಲ್ಲ.

ಮೂರನೇ ಹೆಜ್ಜೆ: ಒಂದು ಗಂಟೆಯೊಳಗೆ ಪೆನ್ನಿನಲ್ಲಿ ಬರೆದಿಡಿ. ಮಗು ‘ಉಚ್ಚೆ ಮಾಡೋ ಜಾಗ’ ಎಂದಿದ್ದರೆ ಹಾಗೆಯೇ ಬರೆಯಿರಿ, ‘ಗುಪ್ತಾಂಗ’ ಎಂದು ತಿದ್ದಬೇಡಿ. ನೀವು ಕಂಡದ್ದನ್ನೂ ಮಗುವಿನಿಂದ ಕೇಳಿದ್ದನ್ನೂ ಬೇರೆ ಬೇರೆಯಾಗಿ ಬರೆಯಿರಿ. ‘ತುಂಬಾ ಹೆದರಿದ್ದಳು’ ಎನ್ನುವ ಬದಲು ‘ಅಳುತ್ತಿದ್ದಳು, ಎಡ ಮೊಣಕೈ ಮೇಲೆ ನೀಲಿ ಕಲೆ ಇತ್ತು’ ಎಂದು ಬರೆಯಿರಿ. ನೀವು ಕೇಳಿದ ಪ್ರಶ್ನೆಯನ್ನೂ ಬರೆಯಿರಿ. ತಪ್ಪಾದರೆ ವೈಟ್ನರ್ ಹಚ್ಚದೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿ. ಕೊನೆಗೆ ದಿನಾಂಕ, ಸಮಯ, ಸ್ಥಳ, ಸಹಿ. ಆಮೇಲೆ ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿಕೊಂಡರೂ ಮೊದಲ ಹಾಳೆಯನ್ನು ಹರಿಯಬೇಡಿ. ಕೆಲವು ಸಂಸ್ಥೆಗಳ ಸಿದ್ಧ ನಮೂನೆಗಳಲ್ಲಿ ‘ಆರೋಪ ಸಾಬೀತಾಗಿದೆಯೇ?’ ಎಂಬ ಕಲಂ ಇರುತ್ತದೆ. ಅಂಥ ನಮೂನೆಗಿಂತ ಬಿಳಿ ಹಾಳೆಯೇ ಮೇಲು.

ನಾಲ್ಕನೇ ಹೆಜ್ಜೆ: ದೂರು. ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದವರು, ನಡೆಯಬಹುದು ಎಂಬ ಆತಂಕ ಇರುವವರು ಯಾರೇ ಆದರೂ ಸ್ಥಳೀಯ ಠಾಣೆಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಬೇಕು ಎನ್ನುತ್ತದೆ ಪೋಕ್ಸೊ 19ನೇ ಸೆಕ್ಷನ್. ಈ ಹೊಣೆ ನಿಮ್ಮದೇ. ಕುಲಸಚಿವರಿಗೆ ಇಮೇಲ್ ಹಾಕಿ ಕೈತೊಳೆದುಕೊಂಡರೆ ಅದು ತೀರುವುದಿಲ್ಲ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಸಾಕ್ಷ್ಯ ಕಲೆಹಾಕುವುದು ನಿಮ್ಮ ಕೆಲಸವಲ್ಲ, ಸದ್ಭಾವನೆಯಿಂದ ಕೊಟ್ಟ ಮಾಹಿತಿಗೆ ಕಾನೂನಿನ ರಕ್ಷಣೆ ಇದೆ.

ಪೊಲೀಸರು ದೂರನ್ನು ಬರೆದುಕೊಂಡು, ನಮೂದು ಸಂಖ್ಯೆ ಹಾಕಿ, ನಿಮಗೆ ಓದಿ ಹೇಳಬೇಕು. ಆ ಸಂಖ್ಯೆ ಕೇಳಿ ಪಡೆಯಿರಿ. ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದರೆ ಒಪ್ಪಬೇಡಿ, ವ್ಯಾಪ್ತಿ ನೋಡದೆ ದಾಖಲಿಸಿಕೊಳ್ಳುವ ಶೂನ್ಯ ಎಫ್‌ಐಆರ್ ಯಾವ ಠಾಣೆಯಲ್ಲಾದರೂ ಆಗುತ್ತದೆ. 24 ಗಂಟೆಯೊಳಗೆ ಪೊಲೀಸರು, ಮಕ್ಕಳ ರಕ್ಷಣೆಯ ಬಗ್ಗೆ ನಿರ್ಧರಿಸುವ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡಬೇಕು. ಮಗುವಿನ ಹೊಣೆ ಹೊತ್ತವರಿಂದಲೇ ಆಗುವ ಹೊಡೆತ, ಉಪವಾಸ ಕೆಡಹುವುದು, ನಿರ್ಲಕ್ಷ್ಯದಂಥ ಪ್ರಕರಣಗಳು 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಅಡಿ ಬರುತ್ತವೆ. ಅಲ್ಲಿಯೂ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಸಂಸ್ಥೆಯೊಳಗಿನ ಆಂತರಿಕ ದೂರು ಸಮಿತಿಗೆ ಒಪ್ಪಿಸಿದರೆ ಸಾಕು ಎಂಬ ಅಡ್ಡದಾರಿಯನ್ನು ಹಿಡಿಯಲೇಬೇಡಿ. ಆ ಸಮಿತಿಯ ವಿಚಾರಣೆ ಪೊಲೀಸ್ ದೂರಿಗೆ ಬದಲಿಯಲ್ಲ. ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವುದಂತೂ ಅಪರಾಧ ಮುಚ್ಚಿಹಾಕುವ ಕೆಲಸ. ಕಾರಿಡಾರ್‌ನ ದೂರು ಪೆಟ್ಟಿಗೆಯನ್ನೂ ನಂಬಬೇಡಿ. ತಿಂಗಳಿಗೊಮ್ಮೆ ತೆರೆಯುವ ಪೆಟ್ಟಿಗೆಯಿಂದ ಯಾವ ಮಗುವೂ ಉಳಿಯುವುದಿಲ್ಲ.

ಐದನೇ ಹೆಜ್ಜೆ: ಸಾಕ್ಷ್ಯ ಕೆಡದಂತೆ ನೋಡಿಕೊಳ್ಳುವುದು. ಕೃತ್ಯ ಈಚೆಗಷ್ಟೇ ನಡೆದಿದ್ದರೆ ವೈದ್ಯಕೀಯ ಪರೀಕ್ಷೆಗೆ ಮುನ್ನ ಸ್ನಾನ ಮಾಡದಿರುವುದು ಒಳ್ಳೆಯದು. ಕಳಚಿದ ಬಟ್ಟೆ ಕಾಗದದ ಚೀಲಕ್ಕೆ ಹೋಗಲಿ, ಪ್ಲಾಸ್ಟಿಕ್‌ನಲ್ಲಿ ತೇವ ಉಳಿದು ಕುರುಹು ಹಾಳಾಗುತ್ತದೆ. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಬೇಗನಾದಷ್ಟೂ ಒಳ್ಳೆಯದು. ಸಿಸಿಟಿವಿ ಯಂತ್ರ ಹಳೆಯ ದೃಶ್ಯವನ್ನು ತಾನೇ ಅಳಿಸುತ್ತಾ ಹೋಗುವುದರಿಂದ, ಅಂದೇ ಭದ್ರತಾ ಅಧಿಕಾರಿಗೆ ಲಿಖಿತವಾಗಿ ಕೊಟ್ಟು ಕಾಯ್ದಿರಿಸಲು ಹೇಳಿ. ಮಗುವಿನ ಅಶ್ಲೀಲ ಚಿತ್ರ ಕಣ್ಣಿಗೆ ಬಿದ್ದರೆ ‘ಪುರಾವೆ’ ಎಂದು ಸಹೋದ್ಯೋಗಿಗೆ ಕಳುಹಿಸಬೇಡಿ, ಹಾಗೆ ಹಂಚುವುದೇ ಅಪರಾಧ. ಖಾತೆಯ ಹೆಸರು, ಲಿಂಕ್, ಸಮಯ ಬರೆದುಕೊಂಡು ಫೋನನ್ನು ಪೊಲೀಸರಿಗೇ ಕೊಡಿ.

ಆರನೇ ಹೆಜ್ಜೆ: ದೂರಿನ ನಂತರ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಪಡೆಯಬೇಕು, ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹುಡುಗಿಯ ಪರೀಕ್ಷೆಯನ್ನು ಮಹಿಳಾ ವೈದ್ಯರೇ ಮಾಡಬೇಕು. ಮಗು ನಂಬುವ ಒಬ್ಬರು ಜತೆಗಿರಲಿ. ಪೋಷಕರಿಗೆ ತಿಳಿಸಿ. ಶಂಕೆ ಇರುವುದು ಮನೆಯವರ ಮೇಲೆಯೇ ಆಗಿದ್ದರೆ ಮಾತ್ರ ಆ ನಿರ್ಧಾರವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಬಿಡಿ.

ಹಾಸ್ಟೆಲ್ ಬದಲಿಸಬೇಕಾದದ್ದು ಮಗುವಲ್ಲ. ಆರೋಪಿ ನೌಕರನನ್ನು ಮಕ್ಕಳ ಸಂಪರ್ಕ ಬರುವ ಕೆಲಸದಿಂದ ಲಿಖಿತ ಆದೇಶದ ಮೂಲಕ ಅಂದೇ ದೂರ ಇಡಿ. ಸುತ್ತೋಲೆಯಲ್ಲಾಗಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಾಗಲಿ ಮಗುವಿನ ಹೆಸರು ಬರಬಾರದು. ತರಗತಿ, ಊರು, ಕೊಠಡಿ ಸಂಖ್ಯೆ ಸೇರಿದರೂ ಗುರುತು ಬಯಲಾಗುತ್ತದೆ. ಹಾಜರಾತಿ ಕಡಿಮೆಯಾದರೆ ಕಾರಣ ನಮೂದಿಸದ ‘ವಿಶೇಷ ಅನುಮತಿ’ ಆದೇಶ ಸಾಕು. ಅದರ ಹಿಂದಿನ ಕಡತ ಕುಲಸಚಿವರ ಬೀರುವಿನಲ್ಲಿ ಮೊಹರು ಹಾಕಿದ ಲಕೋಟೆಯಲ್ಲಿರಲಿ, ವಿಭಾಗದ ಗುಮಾಸ್ತರ ಮೇಜಿಗೆ ಬರುವುದು ಬೇಡ.