ಟೈರಿನಿಂದ ಶುರುಮಾಡಿ, ಎಂಜಿನ್ ಕೊನೆಗಿರಲಿ

ಕ್ರೆಟಾ ಎನ್ ಲೈನ್, ಟೈಗುನ್ ಜಿಟಿ, ಕುಶಾಕ್, ಸೆಲ್ಟೋಸ್ ಟರ್ಬೊ ತರಹದ ಗಾಡಿ ಕೊಂಡವರಿಗೆ ನಾಲ್ಕಾರು ತಿಂಗಳಲ್ಲೇ ಅದನ್ನು ಮಾರ್ಪಡಿಸಲು ಕೈ ತುರಿಸತೊಡಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋದರೆ ಆಸೆಗೆ ಕೊನೆಯೇ ಇಲ್ಲ. ಹೆಚ್ಚಿನವರ ದುಡ್ಡು ಮೊದಲು ಸೈಲೆನ್ಸರಿನ ಸದ್ದಿಗೆ ಹೋಗುತ್ತದೆ, ಆಮೇಲೆ ಎಂಜಿನ್ ರೀಮ್ಯಾಪಿಗೆ, ಅಂದರೆ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ತಿದ್ದಿ ಶಕ್ತಿ ಏರಿಸುವುದಕ್ಕೆ. ಟೈರ್ ಸವೆಯುವ ಹೊತ್ತಿಗೆ ಜೇಬು ಖಾಲಿಯಾಗಿ, ಸಿಕ್ಕಿದ ಅಗ್ಗದ ಟೈರ್ ಹಾಕಿಸಿಕೊಂಡು ಬರುತ್ತಾರೆ. ಈ ಕ್ರಮವನ್ನು ತಿರುಗಿಸಿ. ಕ್ರೆಟಾ ಎನ್ ಲೈನಿನ 160 ಪಿಎಸ್ (ಅಶ್ವಶಕ್ತಿ) ಆಗಲಿ, ಟೈಗುನ್ ಜಿಟಿಯ 150 ಪಿಎಸ್ ಆಗಲಿ, ಬೆಂಗಳೂರಿನೊಳಗೆ ಪೂರ್ತಿ ಬಳಸಲು ಜಾಗವೇ ಸಿಗುವುದಿಲ್ಲ. ದಿನಾ ಕೆಲಸಕ್ಕೆ ಬರುವುದು ಟೈರ್, ಬ್ರೇಕ್, ಸಸ್ಪೆನ್ಷನ್. ಖರ್ಚು ನೆಲದಿಂದ ಮೇಲಕ್ಕೆ ಹೋಗಲಿ.

ಮೊದಲು ಕಾನೂನು

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿ ನಮೂದಾದ ತಯಾರಕರ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಬಣ್ಣ ಬದಲಿಸಬೇಕಾದರೆ ಮೊದಲು ಆರ್‌ಟಿಒ ಅನುಮತಿ ಬೇಕು. ಕಬ್ಬಿಣದ ಬುಲ್ ಬಾರ್ ಬೇಡವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಕಾನೂನು ಹೋಗಲಿ ಎಂದರೂ ಅದು ಗಾಡಿಗೇ ಕೆಟ್ಟದ್ದು. ಡಿಕ್ಕಿಯ ಪೆಟ್ಟನ್ನು ಹೀರಿಕೊಳ್ಳಬೇಕಾದ ಮುಂಭಾಗವನ್ನು ದಾಟಿಸಿ ಪೆಟ್ಟನ್ನು ನೇರ ಚಾಸಿಗೆ ಕೊಡುತ್ತದೆ, ಏರ್‌ಬ್ಯಾಗ್ ಸೆನ್ಸರಿನ ಲೆಕ್ಕವನ್ನೂ ಕೆಡಿಸುತ್ತದೆ. ಅಡಾಸ್ (ಕ್ಯಾಮೆರಾ, ರಾಡಾರ್ ಬಳಸಿ ಚಾಲಕರಿಗೆ ನೆರವಾಗುವ ವ್ಯವಸ್ಥೆ) ಇರುವ ಗಾಡಿಯಲ್ಲಿ ರಾಡಾರ್ ಕೂಡ ಮುಂದಿನ ಬಂಪರಿನಲ್ಲೇ ಇರುತ್ತದೆ. ಅದರೆದುರು ಗಾರ್ಡ್, ಸ್ಟಿಕ್ಕರ್, ಬೇರೆ ಗ್ರಿಲ್ ಯಾವುದು ಬಂದರೂ ಸ್ವಯಂಚಾಲಿತ ಬ್ರೇಕ್ ಸುಮ್ಮಸುಮ್ಮನೆ ಹಿಡಿಯಬಹುದು, ಹಿಡಿಯಬೇಕಾದಾಗ ಹಿಡಿಯದೆಯೂ ಇರಬಹುದು.

ಟೈರ್ ಮತ್ತು ಅಲಾಯ್

ಅಳತೆ ಆರಿಸಲು ಸುರಕ್ಷಿತ ದಾರಿ ಒಂದೇ: ನಿಮ್ಮ ಮಾಡೆಲ್ಲಿನ ಮೇಲಿನ ವೇರಿಯಂಟಿನಲ್ಲಿ ಕಂಪನಿ ಏನು ಕೊಟ್ಟಿದೆ ನೋಡಿ. ಸಾಮಾನ್ಯ ಕ್ರೆಟಾದಲ್ಲಿ 215/60 ಆರ್17 ಇದ್ದರೆ ಎನ್ ಲೈನಿನಲ್ಲಿ 215/55 ಆರ್18 ಇದೆ. ಟೈಗುನ್‌ನಲ್ಲಿ 205/60 ಆರ್16 ಮತ್ತು 205/55 ಆರ್17. ಅಷ್ಟರೊಳಗೆ ಇದ್ದರೆ ಇನ್ಶೂರೆನ್ಸ್ ಸರ್ವೇಯರ್ ಜೊತೆ ವಾದಕ್ಕೆ ಇಳಿಯುವ ಪ್ರಮೇಯ ಕಡಿಮೆ.

ಲೆಕ್ಕ ಸುಲಭ. 215/60 ಆರ್17 ಎಂದರೆ ಅಗಲ 215 ಮಿ.ಮೀ., ಶೇಕಡಾವಾರು ಸಂಖ್ಯೆ 60, ರಿಮ್ಮು 17 ಇಂಚು. ಅಗಲವನ್ನು ಶೇಕಡಾವಾರು ಸಂಖ್ಯೆಯಿಂದ ಗುಣಿಸಿದರೆ ಪಕ್ಕದ ಗೋಡೆಯ ಎತ್ತರ. ಅದರ ಎರಡರಷ್ಟಕ್ಕೆ ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ ಕೂಡಿಸಿದರೆ ಒಟ್ಟು ವ್ಯಾಸ. 215/60 ಆರ್17ಕ್ಕೆ 689.8 ಮಿ.ಮೀ., 215/55 ಆರ್18ಕ್ಕೆ 693.7 ಮಿ.ಮೀ. ವ್ಯತ್ಯಾಸ ಅರ್ಧ ಶೇಕಡಾಕ್ಕಿಂತ ತುಸು ಹೆಚ್ಚು, ಏನೂ ತೊಂದರೆಯಿಲ್ಲ. ಅದೇ 17 ಇಂಚಿಗೆ 225/60 ಹಾಕಿದರೆ 701.8 ಮಿ.ಮೀ. ಆಗುತ್ತದೆ, ಅಂದರೆ ಸುಮಾರು 1.7 ಶೇಕಡಾ ದೊಡ್ಡದು. 2 ಶೇಕಡಾ ದಾಟಿದರೆ ಸ್ಪೀಡೋಮೀಟರ್ ಓಟ, ಗೇರ್ ಬದಲಾಗುವ ಹೊತ್ತು, ಮೈಲೇಜ್ ಎಲ್ಲವೂ ಏರುಪೇರಾಗುತ್ತವೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜಲೂಬಹುದು.

18 ಇಂಚು ನೋಡಲು ಚೆಂದ, ಬೆಂಗಳೂರಿನ ಗುಂಡಿಗೆ ಮಾತ್ರ ಅಲ್ಲ. 215/60ರಲ್ಲಿ ಗೋಡೆ 129 ಮಿ.ಮೀ., 215/55ರಲ್ಲಿ 118. ಹನ್ನೊಂದು ಮಿ.ಮೀ. ತಾನೇ ಎನ್ನಿಸಬಹುದು. ಮಳೆ ನೀರು ತುಂಬಿ ಮುಚ್ಚಿಹೋದ ಗುಂಡಿಗೆ 50ರ ವೇಗದಲ್ಲಿ ಇಳಿದಾಗ ರಿಮ್ಮಿನ ಅಂಚಿಗೂ ಡಾಂಬರಿಗೂ ನಡುವೆ ಟೈರ್ ಸಿಕ್ಕಿ ಒಳಗಿನ ದಾರ ಕತ್ತರಿಸುತ್ತದೆ. ಮಾರನೆಯ ದಿನ ಪಕ್ಕದಲ್ಲಿ ಉಬ್ಬು ಕಾಣುತ್ತದೆ. ಉಬ್ಬಿದ ಟೈರಿಗೆ ರಿಪೇರಿ ಇಲ್ಲ, ಯಾವ ಪಂಕ್ಚರ್ ಅಂಗಡಿಯವರು ಏನೇ ಹೇಳಲಿ. 17ರಲ್ಲೇ ಉಳಿದು ಒಳ್ಳೆಯ ಟೈರಿಗೆ ಖರ್ಚು ಮಾಡುವುದು ನಮ್ಮ ಸಲಹೆ.

ಟೈರ್ ಕೊಳ್ಳುವಾಗ ಗೋಡೆಯ ಮೇಲೆ ಮೂರು ವಿಷಯ ಓದಿ. 96ಎಚ್ ಎಂದಿದ್ದರೆ ಒಂದು ಟೈರ್ 710 ಕೆ.ಜಿ. ಹೊರುತ್ತದೆ, ಗಂಟೆಗೆ 210 ಕಿ.ಮೀ. ವೇಗ ತಾಳುತ್ತದೆ. 92 ಎಂದರೆ 630 ಕೆ.ಜಿ. ಮಾತ್ರ. ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಸಂಖ್ಯೆ ಬೇಡ. ಮೂರನೆಯದು ತಯಾರಿಯ ದಿನಾಂಕ: ಡಿಒಟಿ ಸಂಕೇತದ ಕೊನೆಯ ನಾಲ್ಕು ಅಂಕಿ. 2325 ಎಂದರೆ 2025ರ 23ನೇ ವಾರ. ‘ಆಫರ್’ ಹೆಸರಿನಲ್ಲಿ ಬರುವುದು ಹೆಚ್ಚಾಗಿ ಗೋಡೌನಿನಲ್ಲಿ ಕೂತ ಹಳೆ ಮಾಲು.

ಅಲಾಯ್ ಬದಲಿಸುವವರು ಹಿಂಬದಿ ನೋಡಬೇಕು, ಎದುರಿನ ವಿನ್ಯಾಸವನ್ನಲ್ಲ. ಕ್ರೆಟಾದಲ್ಲಿ ಐದು ತೂತಿನ ಪಿಸಿಡಿ (ತೂತುಗಳು ಕೂತ ವೃತ್ತದ ವ್ಯಾಸ) 114.3 ಮಿ.ಮೀ., ನಡುವಿನ ರಂಧ್ರ 67.1. ಟೈಗುನ್, ಕುಶಾಕ್‌ಗಳಲ್ಲಿ ಪಿಸಿಡಿ 100, ರಂಧ್ರ 57.1. ಹೊರಗಿನ ಅಲಾಯ್‌ಗಳ ರಂಧ್ರ ಹೆಚ್ಚಾಗಿ 73.1 ಇರುತ್ತದೆ. ಆ ಸಂದನ್ನು ತುಂಬುವ ಹಬ್ ರಿಂಗ್ ಹಾಕದಿದ್ದರೆ ಚಕ್ರ ನಟ್ಟುಗಳ ಆಧಾರದ ಮೇಲಷ್ಟೇ ನಿಲ್ಲುತ್ತದೆ, 80–100ರ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ. ಆಗ ನಾಲ್ಕು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಗುಣವಾಗುವುದಿಲ್ಲ.

ಆಫ್‌ಸೆಟ್ ಇನ್ನೊಂದು ಬಲೆ: ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ ಕೂರುವ ಮೈಗಿರುವ ದೂರ. ಹಿಂಬದಿಯಲ್ಲಿ ‘ಇಟಿ’ ಎಂದು ಅಚ್ಚಾಗಿರುವ ಸಂಖ್ಯೆಯೇ ಅದು. 7 ಇಂಚು ಅಗಲದ ಇಟಿ 50 ರಿಮ್ ತೆಗೆದು 7.5 ಇಂಚಿನ ಇಟಿ 45 ಹಾಕಿದಿರಿ ಎನ್ನಿ. ಅರ್ಧ ಇಂಚಿನ ಅರ್ಧ 6.35 ಮಿ.ಮೀ., ಅದಕ್ಕೆ ಆಫ್‌ಸೆಟ್ಟಿನ 5 ಮಿ.ಮೀ. ಸೇರಿ ಚಕ್ರದ ಹೊರ ಅಂಚು 11.35 ಮಿ.ಮೀ. ಹೊರಬರುತ್ತದೆ. ಒಳ ಅಂಚು ಬರೀ 1.35 ಮಿ.ಮೀ. ಒಳಸರಿಯುತ್ತದೆ. ಹೊರಬಂದ ಚಕ್ರ ವೀಲ್ ಬೇರಿಂಗಿನ ಮೇಲೆ ಹೆಚ್ಚು ಭಾರ ಹೇರುತ್ತದೆ, ಕೆಸರನ್ನು ಬಾಗಿಲಿಗೆ ರಾಚುತ್ತದೆ, ಹಂಪ್ ಮೇಲೆ ಐದು ಜನ ಕೂತಾಗ ಮಡ್‌ಗಾರ್ಡಿಗೆ ತಾಗುತ್ತದೆ.

ನಟ್ಟಿನ ವಿಷಯವನ್ನು ಅಂಗಡಿಯವರಿಗೆ ಬಿಡಬೇಡಿ. ಹ್ಯೂಂಡೈನಲ್ಲಿ ಹಬ್ಬಿನಿಂದ ಹೊರಬಂದ ಸ್ಟಡ್ಡಿಗೆ ನಟ್ಟು ಕೂರುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾದಲ್ಲಿ ಬೋಲ್ಟನ್ನೇ ಹಬ್ಬಿಗೆ ತಿರುಗಿಸಬೇಕು, ಮತ್ತು ಕಂಪನಿಯ ಬೋಲ್ಟಿನ ತಲೆಯ ಕೆಳಭಾಗ ಗುಂಡಗಿರುತ್ತದೆ. ಹೊರಗಿನ ಬಹುತೇಕ ಅಲಾಯ್‌ಗಳಿಗೆ 60 ಡಿಗ್ರಿ ಶಂಕುವಿನ ಬೋಲ್ಟು ಬೇಕು. ಗುಂಡಗಿನದನ್ನು ಶಂಕುವಿನ ಕುಳಿಗೆ ಬಿಗಿದರೆ ತಾಗುವುದು ತೆಳ್ಳನೆಯ ಒಂದು ಗೆರೆ ಮಾತ್ರ. ಬಿಗಿದಾಗ ಗಟ್ಟಿಯಾದಂತೆ ಕಂಡರೂ ಓಡುತ್ತಾ ಸಡಿಲವಾಗುತ್ತದೆ. ಹೊಸ ಬೋಲ್ಟು ಹಾಕಿಸಿದ ಮೇಲೆ ಹಳೆಯ ಐದು ಬೋಲ್ಟು ಸ್ಟೆಪ್ನಿ ಜೊತೆಗೇ ಇರಲಿ, ಏಕೆಂದರೆ ಸ್ಟೆಪ್ನಿಗೆ ಬೇಕಾದುದು ಅವೇ.

ಬಿಗಿಯುವ ಕ್ರಮ ಹೀಗೆ. ಜ್ಯಾಕ್ ಮೇಲಿರುವಾಗ ಕೈಯಿಂದಲೇ ಎಲ್ಲವನ್ನೂ ತಿರುಗಿಸಿ ಕೂರಿಸಿ. ನಕ್ಷತ್ರದ ಆಕಾರದಲ್ಲಿ, ಅಂದರೆ ಒಂದು ಬಿಟ್ಟು ಒಂದರಂತೆ ಅರೆಬಿಗಿ ಮಾಡಿ. ಗಾಡಿ ಇಳಿಸಿ ಟಾರ್ಕ್ ವ್ರೆಂಚಿನಿಂದ (ಬಿಗಿತ ಅಳೆಯುವ ಪಾನಾ) ಕೊನೆಯ ಬಿಗಿತ ಕೊಡಿ: ಕ್ರೆಟಾಕ್ಕೆ 107ರಿಂದ 127 ನ್ಯೂಟನ್ ಮೀಟರ್, ಟೈಗುನ್‌ಗೆ 120. ಗಾಳಿ ಗನ್ನಿನಿಂದ ಗುರ್ರೆನಿಸಿ ಬಿಡುವ ಅಂಗಡಿಯಲ್ಲಿ ಸ್ಟಡ್ ಎಳೆದು ಹಾಳಾಗುತ್ತದೆ, ನಡುರಾತ್ರಿ ಪಂಕ್ಚರ್ ಆದಾಗ ನಟ್ಟು ಬಿಚ್ಚಲು ಇಬ್ಬರು ಬೇಕಾಗುತ್ತಾರೆ. ಹೊಸ ಅಲಾಯ್ ಹಾಕಿ 50–100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಟಾರ್ಕ್ ನೋಡಿ.

ಟೈರ್ ಪ್ರೆಶರ್ ಸೆನ್ಸರ್ ವಾಲ್ವಿನ ಬುಡದಲ್ಲಿರುವ ಗಾಡಿಯಾದರೆ, ಟೈರ್ ಕಳಚುವ ಮೊದಲೇ ಹೇಳಿ. ಹೇಳದಿದ್ದರೆ ಯಂತ್ರದ ತೋಳು ಅದನ್ನು ಮುರಿದೇ ತೀರುತ್ತದೆ. ಚಕ್ರದ ವೇಗದಿಂದ ಗಾಳಿ ಅಂದಾಜಿಸುವ ಗಾಡಿಗಳಲ್ಲಿ ಮೆನುವಿಗೆ ಹೋಗಿ ರೀಸೆಟ್ ಮಾಡಿದರೆ ಸಾಕು.

ಬ್ರೇಕ್

ದೊಡ್ಡ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಕಿಟ್ ಬೇಡ. ನಂದಿ ಬೆಟ್ಟದಿಂದಲೋ ಚಾರ್ಮಾಡಿಯಿಂದಲೋ ಇಳಿಯುವಾಗ ಪೆಡಲ್ ಮೆತ್ತಗಾಗುತ್ತಿದ್ದರೆ ಹೆಚ್ಚಾಗಿ ಕಾರಣ ಹಳೆಯ ಬ್ರೇಕ್ ಫ್ಲೂಯಿಡ್. ಅದು ಗಾಳಿಯ ತೇವ ಹೀರುತ್ತದೆ, ಕುದಿಯುವ ಬಿಂದು ಇಳಿಯುತ್ತದೆ, ಬಿಸಿಯಾದಾಗ ಆವಿಯ ಗುಳ್ಳೆಗಳಾಗಿ ಪೆಡಲ್ ಒಳಗಿಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಡಾಟ್ 4 ದರ್ಜೆಯ ಹೊಸ ಫ್ಲೂಯಿಡ್ ಹಾಕಿಸಿ, ಒಂದು ಲೀಟರ್ ಸಾಕು. ಮುಚ್ಚಳ ತೆರೆದಿಟ್ಟ ಹಳೆ ಡಬ್ಬ ಬಳಸಲು ಬಿಡಬೇಡಿ. ಒಳ್ಳೆಯ ಪ್ಯಾಡ್ ಹಾಕಿಸಿದರೆ ಬೆಳಗಿನ ಜಾವದ ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ ಎಂಟು ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ ಪಳಗಿಸಿ. ಬಿಸಿ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿ ನಿಂತರೆ ಅಲ್ಲೇ ಕಲೆ ಕೂತು ಮುಂದೆ ಬ್ರೇಕ್ ಒತ್ತಿದಾಗಲೆಲ್ಲ ನಡುಕ ಬರುತ್ತದೆ.

ಸಸ್ಪೆನ್ಷನ್

ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ನಿಮ್ಮ ಬಡಾವಣೆಯ ಹಂಪನ್ನು ಒಮ್ಮೆ ಟೇಪ್ ಹಿಡಿದು ಅಳೆದು ನೋಡಿ, ನಿಯಮ ಬರೆದವರ ಮೇಲೆ ಕನಿಕರ ಬರುತ್ತದೆ. ಟೈಗುನ್‌ನ ಗ್ರೌಂಡ್ ಕ್ಲಿಯರೆನ್ಸ್ 188, ಕ್ರೆಟಾದ್ದು 190 ಮಿ.ಮೀ. ಇದರಿಂದ 35 ಮಿ.ಮೀ. ಇಳಿಸುವ ಸ್ಪ್ರಿಂಗ್ ಹಾಕಿದರೆ ಕುಟುಂಬ ಸಮೇತ ಹೊರಟಾಗ ಕೆಳಗಿನ ಗಾರ್ಡು ಸವರುತ್ತಾ ಹೋಗಬೇಕು. ಬರೀ ಸ್ಪ್ರಿಂಗ್ ಬದಲಿಸಿ ಹಳೆಯ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಬಿಟ್ಟರೆ ಗಟ್ಟಿ ಸ್ಪ್ರಿಂಗಿನ ಪುಟಿತವನ್ನು ಅದು ತಡೆಯಲಾರದು. ಎತ್ತರಿಸುವ ಸ್ಪೇಸರ್ ಕೂಡ ಬೇಡ. ಡ್ರೈವ್ ಶಾಫ್ಟಿನ ಕೋನ ಹೆಚ್ಚಿ ರಬ್ಬರ್ ಬೂಟ್ ಹರಿಯುತ್ತದೆ, ಅಡಾಸ್ ಕ್ಯಾಮೆರಾದ ನೋಟದ ಕೋನವೂ ಬದಲಾಗುತ್ತದೆ.

ಡ್ಯಾಂಪರ್ ಸೋರಿ ಬದಲಿಸುವ ಕಾಲ ಬಂದರೆ ಜೋಡಿಯಾಗಿ ಬದಲಿಸಿ, ಜೊತೆಗೆ ಟಾಪ್ ಮೌಂಟ್ ಮತ್ತು ಬಂಪ್ ಸ್ಟಾಪ್ ಹೊಸದು ಹಾಕಿಸಿ. ಇಲ್ಲೊಂದು ವಿಷಯ ಮೆಕ್ಯಾನಿಕ್ ಪಕ್ಕ ನಿಂತು ನೋಡಿ: ಕೆಳಗಿನ ಕಂಟ್ರೋಲ್ ಆರ್ಮ್ ಕಳಚಿದ್ದರೆ ಅದರ ಬುಷ್ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗ ಕೊನೆಯ ಬಿಗಿ ಮಾಡಬಾರದು. ಹಾಗೆ ಮಾಡಿದರೆ ಗಾಡಿ ಇಳಿಸಿದ ಕೂಡಲೇ ಒಳಗಿನ ರಬ್ಬರ್ ತಿರುಚಿಕೊಂಡೇ ಇರುತ್ತದೆ, ತಿಂಗಳುಗಳಲ್ಲಿ ಹರಿದು ಕಟಕಟ ಸದ್ದು ಶುರುವಾಗುತ್ತದೆ. ಭಾರ ಚಕ್ರದ ಮೇಲೆ ಬಿದ್ದ ನಂತರವೇ ಬಿಗಿಸಿ, ಆಮೇಲೆ ಅಲೈನ್‌ಮೆಂಟ್.

ವೈರಿಂಗ್

ಹ್ಯಾಲೊಜೆನ್ ಹೆಡ್‌ಲೈಟಿಗೆ ಎಲ್‌ಇಡಿ ಬಲ್ಬ್ ತುರುಕಬೇಡಿ. ಬೆಳಕಿನ ಕೇಂದ್ರ ಜಾಗ ತಪ್ಪಿ ಎದುರಿನವರ ಕಣ್ಣು ಕುಕ್ಕುತ್ತದೆ, ನಿಮ್ಮ ರಸ್ತೆಯೂ ಸರಿಯಾಗಿ ಕಾಣುವುದಿಲ್ಲ.

ನಗರದಲ್ಲಿ ನಿಜಕ್ಕೂ ಬೇಕಾದುದು ಡ್ಯಾಶ್‌ಕ್ಯಾಮ್. ವೈರನ್ನು ಗಾಜಿನ ಮೇಲಂಚಿನ ಬಟ್ಟೆಯೊಳಗೆ ತುರುಕಿ ಪಕ್ಕದ ಕಂಬಕ್ಕೆ ತನ್ನಿ. ಆರು ಏರ್‌ಬ್ಯಾಗಿನ ಗಾಡಿಯಲ್ಲಿ ಆ ಕಂಬದ ಮುಚ್ಚಳದೊಳಗೆ ಕರ್ಟನ್ ಏರ್‌ಬ್ಯಾಗ್ ಮಡಿಸಿಟ್ಟಿರುತ್ತದೆ. ವೈರ್ ಅದರ ಹಿಂದೆ ಹೋಗಬೇಕು, ಕಂಪನಿಯ ವೈರಿನ ಕಟ್ಟಿಗೆ ಬಟ್ಟೆ ಟೇಪಿನಿಂದ ಸೇರಿಸಿ ಸುತ್ತಿ. ಮುಂದಿನಿಂದ ಅಡ್ಡ ಹಾಯಿಸಿದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವಾಗ ವೈರ್ ಅಡ್ಡ ಬರುತ್ತದೆ, ಕ್ಲಿಪ್ ಸಮೇತ ಮುಖಕ್ಕೂ ಸಿಡಿಯಬಹುದು. ಸೈಡ್ ಏರ್‌ಬ್ಯಾಗ್ ಇರುವ ಸೀಟಿಗೆ ಅದು ಬಿಚ್ಚಿಕೊಂಡು ಹೊರಬರುವ ಹೊಲಿಗೆಯನ್ನು ಮುಚ್ಚುವ ಕವರ್ ಹಾಕಬಾರದೆಂಬುದೂ ಇದೇ ಕಾರಣಕ್ಕೆ.

ಕರೆಂಟಿಗೆ ಕಂಪನಿಯ ವೈರ್ ಕೊಯ್ಯದೆ ಫ್ಯೂಸ್ ಟ್ಯಾಪ್ (ಫ್ಯೂಸಿನ ಗೂಡಿನಿಂದಲೇ ಇನ್ನೊಂದು ಲೈನ್ ತೆಗೆಯುವ ಕವಲು) ಬಳಸಿ: ಒಂದು ಕೀಲಿ ಆನ್ ಆದಾಗ ಮಾತ್ರ ಬರುವ ಲೈನಿಗೆ, ಇನ್ನೊಂದು ಸದಾ ಕರೆಂಟಿರುವ ಲೈನಿಗೆ. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ಕಂಪ್ಯೂಟರಿನ ಫ್ಯೂಸ್ ಮುಟ್ಟಬೇಡಿ. ಟ್ಯಾಪ್ ತಿರುಗುಮುರುಗಾಗಿ ಕೂತರೂ ಕ್ಯಾಮೆರಾ ಕೆಲಸ ಮಾಡುತ್ತದೆ, ಆದರೆ ಎರಡೂ ಹೊರೆ ಹಳೆಯ ಫ್ಯೂಸಿನ ಮೇಲೇ ಬೀಳುತ್ತದೆ. ಹಳೆಯ ಫ್ಯೂಸ್ ತೆಗೆದು, ಗೂಡಿನ ಯಾವ ಕಾಲಿಗೆ 12 ವೋಲ್ಟ್ ಬರುತ್ತದೆಂದು ಮಲ್ಟಿಮೀಟರಿನಿಂದ ನೋಡಿಯೇ ಕೂರಿಸಿ. ಅರ್ಥಿಂಗನ್ನು ಬಣ್ಣವಿಲ್ಲದ ಬಾಡಿ ಬೋಲ್ಟಿಗೆ ಕೊಡಿ, ನೇರ ಬ್ಯಾಟರಿಯ ಮೈನಸ್ಸಿಗಲ್ಲ. ಸ್ಟಾರ್ಟ್-ಸ್ಟಾಪ್ ಗಾಡಿಗಳಲ್ಲಿ ಅಲ್ಲೇ ಬ್ಯಾಟರಿ ಸೆನ್ಸರ್ ಇರುತ್ತದೆ. ಅದನ್ನು ದಾಟಿ ಕರೆಂಟ್ ಹರಿದರೆ ಬ್ಯಾಟರಿ ಎಷ್ಟು ಖಾಲಿಯಾಯಿತೆಂಬ ಲೆಕ್ಕ ಕಂಪ್ಯೂಟರಿಗೆ ಸಿಗದು. ಮೆಟ್ರೊದಲ್ಲಿ ಆಫೀಸಿಗೆ ಹೋಗಿ ಗಾಡಿಯನ್ನು ವಾರಾಂತ್ಯಕ್ಕಷ್ಟೇ ತೆಗೆಯುವವರು ಪಾರ್ಕಿಂಗ್ ಮೋಡಿನ ಕಟ್-ಆಫನ್ನು (ನಿಂತ ಗಾಡಿಯಲ್ಲಿ ಕ್ಯಾಮೆರಾ ತಾನೇ ನಿಲ್ಲುವ ಬ್ಯಾಟರಿ ಮಟ್ಟ) 12.2 ವೋಲ್ಟಿಗಿಂತ ಕೆಳಗಿಡಬೇಡಿ.

ಎಂಜಿನ್

ಟೈಗುನ್, ಕುಶಾಕ್ 1.5 ಟಿಎಸ್‌ಐ ಎಂಜಿನ್ ಕೊಡುವುದು 250 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಅದರ ಏಳು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸ್, ಎಣ್ಣೆಯಿಲ್ಲದ ಎರಡು ಒಣ ಕ್ಲಚ್ಚಿನ ಆಟೊಮ್ಯಾಟಿಕ್, ಅದರ ಮಿತಿಯೂ 250. ಅಂದರೆ ಕಂಪನಿಯೇ ಅಂಚಿಗೆ ತಂದು ನಿಲ್ಲಿಸಿದೆ. ರೀಮ್ಯಾಪ್ ಮಾಡಿ ಟಾರ್ಕ್ ಏರಿಸಿದರೆ ಔಟರ್ ರಿಂಗ್ ರೋಡಿನ ಇಂಚಿಂಚು ಟ್ರಾಫಿಕ್ಕಿನಲ್ಲಿ ಮೊದಲೇ ಬಿಸಿಯಾಗುವ ಕ್ಲಚ್ಚಿಗೆ ಇನ್ನಷ್ಟು ಹೊರೆ. ಹಳೆಯ ಫೈಲ್ ಮತ್ತೆ ಹಾಕಿದರೆ ಗೊತ್ತಾಗುವುದಿಲ್ಲ ಎಂಬ ಮಾತು ನಂಬಬೇಡಿ, ಎಷ್ಟು ಸಲ ಬರೆಯಲಾಗಿದೆ ಎಂಬ ಎಣಿಕೆ ಎಂಜಿನ್ ಕಂಪ್ಯೂಟರಿನಲ್ಲೇ (ಇಸಿಯು) ಉಳಿಯಬಹುದು, ವಾರಂಟಿ ಅಲ್ಲಿಗೆ ಮುಗಿಯಿತು. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಯುವುದಂತೂ ಅಪರಾಧ, ಎಮಿಷನ್ ಟೆಸ್ಟೂ ಪಾಸಾಗದು. ಬಂಪರಿನ ಬುಡದಿಂದ ಗಾಳಿ ಎಳೆಯುವ ಇನ್‌ಟೇಕ್ ಮಳೆಗಾಲದ ಅಂಡರ್‌ಪಾಸಿನಲ್ಲಿ ನೀರನ್ನೇ ಎಳೆಯುತ್ತದೆ. ಸಿಲಿಂಡರಿಗೆ ನೀರು ಹೊಕ್ಕರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿಗೆ ಮಾಡಬೇಕಾದ ಉಪಕಾರ ಬೇರೆ: ಮ್ಯಾನ್ಯುಯಲ್ ಹೇಳಿದ ಗ್ರೇಡಿನಲ್ಲೇ ಎಪಿಐ ಎಸ್‌ಪಿ ದರ್ಜೆಯ ಆಯಿಲ್. ಕಡಿಮೆ ಆರ್‌ಪಿಎಂನಲ್ಲಿ ಎತ್ತರದ ಗೇರಿಟ್ಟು ಆಕ್ಸಿಲರೇಟರ್ ತುಳಿದಾಗ ಇಂಧನ ಹೊತ್ತಿಗೆ ಮುಂಚೆ ಸಿಡಿದು ಪಿಸ್ಟನ್ ಒಡೆಯುವ ಅಪಾಯವನ್ನು ಈ ದರ್ಜೆಯ ಆಯಿಲ್ ತಗ್ಗಿಸುತ್ತದೆ. ಹೆಚ್ಚು ಟ್ರಾಫಿಕ್ಕಿನಲ್ಲೇ ಓಡುವ ಗಾಡಿಗೆ ಕಿಲೋಮೀಟರ್ ಲೆಕ್ಕಕ್ಕೆ ಕಾಯದೆ ಬೇಗ ಬದಲಿಸಿ.

ಹಾಕಿಸಿದ ಪ್ರತಿಯೊಂದು ವಸ್ತುವಿನ ಜಿಎಸ್‌ಟಿ ಬಿಲ್ ಇಟ್ಟುಕೊಳ್ಳಿ. ಅಲಾಯ್, ಎಲೆಕ್ಟ್ರಿಕಲ್ ಸಾಮಾನುಗಳನ್ನು ಇನ್ಶೂರೆನ್ಸ್ ಕಂಪನಿಗೆ ಬರಹದಲ್ಲಿ ತಿಳಿಸಿ ಪಾಲಿಸಿಯಲ್ಲಿ ಸೇರಿಸಿ. ಬಿಚ್ಚಿದ ಹಳೆಯ ರಿಮ್, ಸ್ಪ್ರಿಂಗ್, ಬೋಲ್ಟು ಮಾರಬೇಡಿ. ಗಾಡಿ ಮಾರುವಾಗ ಕೊಳ್ಳುವವರು ಮೊದಲು ಕೇಳುವುದು ಅವನ್ನೇ.